ಅಪ್ಪನ ಯೆಜ್ಡಿ ಮತ್ತೆ ರಸ್ತೆಗೆ: ಕೊಟ್ಟಿಗೆಯಿಂದ ಮೊದಲ 500 ಕಿಲೋಮೀಟರ್‌ವರೆಗೆ

ಅಪ್ಪ ಹೋದಮೇಲೆ ಒಂಬತ್ತು ವರ್ಷ ಗಾಡಿ ಕೊಟ್ಟಿಗೆಯಲ್ಲೇ ನಿಂತಿತ್ತು. ಮೇಲೊಂದು ಹರಿದ ಜಮಖಾನ, ಸೀಟಿನೊಳಗೆ ಇಲಿ ಗೂಡು, ಎರಡೂ ಟೈರು ನೆಲಕ್ಕೆ ಅಂಟಿಕೊಂಡಿದ್ದವು. 1975ರ ಯೆಜ್ಡಿ 250 ಬೈಕು. ಅರಸೀಕೆರೆ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ, ಮದುವೆ ಮನೆಗೆ ಎಲ್ಲದಕ್ಕೂ ಅದರಲ್ಲೇ ಹೋಗುತ್ತಿದ್ದರು. ಅದನ್ನು ಮತ್ತೆ ಓಡಿಸಬೇಕು ಅಂತ ಹೊರಟಾಗ ನನಗೆ ಏನೂ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳು ಹಿಡಿಯಿತು. ಇಂಥದ್ದೊಂದು ಗಾಡಿ ನಿಮ್ಮ ಮನೆಯಲ್ಲೂ ಇದ್ದರೆ, ನಾನು ಕಲಿತದ್ದನ್ನೆಲ್ಲ ಇಲ್ಲಿ ಹೇಳುತ್ತೇನೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು. 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹಾಗಾಗಿ ಕಂಪನಿಯ ಹೊಸ ಪಾರ್ಟು ಈಗ ಸಿಗುವುದು ಅಪರೂಪ. ಆದರೆ ಹೆದರಬೇಡಿ. ಪಿಸ್ಟನ್, ಸೀಲು, ಕ್ಲಚ್ ಪ್ಲೇಟು, ಕೇಬಲ್ಲು ಇವನ್ನೆಲ್ಲ ಈಗಲೂ ಬೇರೆಯವರು ಮಾಡುತ್ತಾರೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಮೈಸೂರಿನಲ್ಲಂತೂ ಈ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚುವ ಹಳೇ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರ ಕೈ ಕೆಳಗೆ ಒಂದು ದಿನ ಕೂತರೂ ಸಾಕು, ಎಷ್ಟೋ ಕಲಿಯಬಹುದು.

ಮೊದಲ ದಿನ ಕಿಕ್ ಹೊಡೆಯಬೇಡಿ

ಎಲ್ಲರಿಗೂ ಮೊದಲು ಬರುವ ಆಸೆ ಅದೇ. ಒಂದು ಕಿಕ್ ಹೊಡೆದು ನೋಡೋಣ, ಸ್ಟಾರ್ಟ್ ಆಗಬಹುದೇನೋ ಅಂತ. ದಯವಿಟ್ಟು ಬೇಡ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಅಂಟಿರುತ್ತದೆ. ಜೋರಾಗಿ ಒದ್ದರೆ ರಿಂಗು ಮುರಿಯುತ್ತದೆ, ಇಲ್ಲವೇ ಕಿಕ್ಕಿನ ಹಲ್ಲು ಹೋಗುತ್ತದೆ. ಅಕಸ್ಮಾತ್ ಸ್ಟಾರ್ಟ್ ಆಯಿತು ಅಂದುಕೊಳ್ಳಿ. ಒಣಗಿದ ಬೇರಿಂಗು, ಬಿರುಕುಬಿಟ್ಟ ಸೀಲುಗಳ ಮೇಲೆ ಅದು ಓಡಿದ ಐದು ನಿಮಿಷ ನಿಮಗೆ ದುಬಾರಿಯಾಗುತ್ತದೆ.

ಅದರ ಬದಲು ಸಿಲಿಂಡರಿನ ಮೇಲಿರುವ ಸ್ಪಾರ್ಕ್ ಪ್ಲಗ್ಗು ಬಿಚ್ಚಿ. ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿ ಒಂದು ಸಣ್ಣ ಲೋಟದಷ್ಟು ಆ ತೂತಿನಲ್ಲಿ ಹಾಕಿ ಮೂರು ದಿನ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ತೊಟ್ಟಿಲು ತೂಗಿದ ಹಾಗೆ. ಹಟ ಮಾಡಿದರೆ ಇನ್ನೂ ನಾಲ್ಕು ದಿನ ಬಿಡಿ. ನಮ್ಮದು ಒಂಬತ್ತನೇ ದಿನ ಕಟ್ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು.

ಆ ಒಂಬತ್ತು ದಿನ ಸುಮ್ನೆ ಕೂರಬೇಡಿ. ಗಾಡಿಯನ್ನು ತೊಳೆಯುವುದಕ್ಕೂ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಕೇಬಲ್ಲು ಯಾವ ಕಡೆಯಿಂದ ಹೋಗಿದೆ, ಯಾವ ವೈರು ಎಲ್ಲಿ ಸೇರಿದೆ, ವಾಷರು ಒಳಗಿದೆಯೋ ಹೊರಗಿದೆಯೋ ಎಲ್ಲ ಬೇಕು. ಟೂಲ್ ಬಾಕ್ಸನ್ನು ಕೊನೆಗೆ ತೆರೆಯಿರಿ, ಬಿಡುವಾಗಿ. ಅಪ್ಪನ ಬಾಕ್ಸಿನಲ್ಲಿ ಪ್ಲಗ್ ಪಾನಾ, ಕಾಟನ್ ವೇಸ್ಟು, ಪೇಪರಿನಲ್ಲಿ ಸುತ್ತಿದ ಒಂದು ಹಳೇ ಪ್ಲಗ್ಗು, ಮತ್ತೆ ಆಯಿಲ್ ಅಳೆಯುವ ಸಣ್ಣ ಅಲ್ಯೂಮಿನಿಯಂ ಲೋಟ ಇತ್ತು. ಲೋಟದ ಒಳಗೆ ಮೊಳೆಯಿಂದ ಗೀರಿದ ಒಂದು ಗೆರೆ. ಆ ಗೆರೆ ಏನು ಅಂತ ಆಮೇಲೆ ಹೇಳುತ್ತೇನೆ.

ಏನು ಸರಿ ಮಾಡಬೇಕು, ಏನು ಹಾಗೇ ಬಿಡಬೇಕು

ಒಂದು ಪಾನಾ ಹಿಡಿಯುವ ಮುಂಚೆಯೇ ಇದನ್ನು ತೀರ್ಮಾನ ಮಾಡಿ. ಒಂದು ಸಲ ಬಿಚ್ಚಿದ ಮೇಲೆ ಟಿಂಕರಿಂಗಿನವರು, ಪೇಂಟಿನವರು, ನೆಂಟರು ಎಲ್ಲ ಸೇರಿ 'ಹೊಸದರ ಹಾಗೆ ಮಾಡಿಬಿಡಿ' ಅನ್ನುತ್ತಾರೆ. ಹೊಸದರ ಹಾಗೆ ಮಾಡಿದ ಯೆಜ್ಡಿ ದುಡ್ಡು ಕೊಟ್ಟರೆ ಎಲ್ಲಾದರೂ ಸಿಗುತ್ತದೆ. ಅಪ್ಪ ಓಡಿಸಿದ್ದು ಒಂದೇ ಇರುವುದು.

ನಮ್ಮ ಟ್ಯಾಂಕಿನ ಮೇಲೆ, ಸೀಟಿಗೆ ಹತ್ತಿರ, ಬೆರಳುದ್ದದ ಒಂದು ಗೀರು ಇದೆ. ನನಗೆ ಐದು ವರ್ಷವಿದ್ದಾಗ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಸ್ಲೇಟಿನ ಮೂಲೆ ಗೀರಿದ್ದು ಅದು. ಅಪ್ಪ ಬೈಯಲಿಲ್ಲ, ಆದರೆ ಮಾರನೇ ದಿನ ಸ್ಲೇಟಿನ ನಾಲ್ಕೂ ಮೂಲೆಗೆ ಬಟ್ಟೆ ಕಟ್ಟಿಕೊಟ್ಟರು. ಆ ಗೀರಿನ ಮೇಲೆ ಪೇಂಟು ಹೊಡೆಸಲು ನನಗೆ ಮನಸ್ಸು ಬರಲಿಲ್ಲ.

ಹಾಗಾಗಿ ನಾನು ಒಂದು ನಿಯಮ ಮಾಡಿಕೊಂಡೆ. ಜೀವಕ್ಕೆ ಸಂಬಂಧಪಟ್ಟದ್ದು, ಅಂದರೆ ಎಂಜಿನ್, ಬ್ರೇಕು, ಟೈರು, ವೈರು, ಇವುಗಳಲ್ಲಿ ಯಾವ ರಾಜಿಯೂ ಇಲ್ಲ, ಹಳೇದಾದರೆ ಬದಲಾಯಿಸುವುದೇ. ಮೈ ಮೇಲಿನದು ತುಕ್ಕು ತಿನ್ನುತ್ತಿದ್ದರೆ ಮಾತ್ರ ಮುಟ್ಟುವುದು. ಮನೆಯವರನ್ನೂ ಕೂರಿಸಿಕೊಂಡು ಕೇಳಿ. ಹ್ಯಾಂಡಲ್ಲಿನ ಎಡಗಡೆ ಹಿಡಿ ಯಾಕೆ ಬೇರೆ ಬಣ್ಣದ್ದು ಅನ್ನುವುದು ಅಮ್ಮನಿಗೆ ಮಾತ್ರ ಗೊತ್ತಿತ್ತು.

ದುಡ್ಡು ಸುರಿಯುವ ಮುಂಚೆ ಕಾಗದ ಪತ್ರ

ಇದು ಬೇಜಾರಿನ ಕೆಲಸ, ಆದರೆ ಮೊದಲೇ ಮುಗಿಸಿ. ಮಾಲೀಕರು ತೀರಿಕೊಂಡಾಗ ಗಾಡಿ ಹೆಸರು ಬದಲಾವಣೆಗೆ ಫಾರಂ 31 ಬೇಕು. ಮಾರಾಟಕ್ಕೆ ಬಳಸುವ 29, 30 ಅಲ್ಲ. ನಿಯಮದ ಪ್ರಕಾರ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಅರ್ಜಿ ಹಾಕಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಆ ಹೊತ್ತಿನಲ್ಲಿ ಯಾರಿಗೂ ಗಾಡಿಯ ನೆನಪೇ ಇರುವುದಿಲ್ಲ. ತಡವಾಗಿದ್ದರೂ ಹೋಗಿ. ಆರ್‌ಸಿ ಪುಸ್ತಕ, ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ತಯಾರಿರಲಿ. ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಆರ್‌ಸಿ ಕಳೆದಿದ್ದರೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟು ಫಾರಂ 26. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನವೀಕರಣ. ನವೀಕರಣಕ್ಕೆ ಗಾಡಿ ತಪಾಸಣೆಗೆ ನಿಲ್ಲಬೇಕು, ಹಾಗಾಗಿ ಅದು ಕೆಲಸ ಮುಗಿದ ಮೇಲೆ.

ಎಂವೈ, ಸಿಎ ಅಂತ ಶುರುವಾಗುವ ಹಳೇ ನಂಬರಿನ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹಾಗಿದ್ದರೆ ಆರ್‌ಟಿಒದಲ್ಲೇ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಿಕೊಳ್ಳಬೇಕು.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಆದರೆ ಹಾಗೆ ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಓಡಿಸುವಂತಿಲ್ಲ. ನನಗೆ ಗಾಡಿಯಲ್ಲಿ ಸಂತೆಗೆ ಹೋಗಬೇಕಿತ್ತು. ಅದಕ್ಕೇ ಮಾಮೂಲಿ ನವೀಕರಣವನ್ನೇ ಮಾಡಿಸಿದೆ.

ಒಂದು ಮುಖ್ಯ ಮಾತು. ಆರ್‌ಟಿಒದಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕು ತೆಗೆಯಲು ಫ್ರೇಮಿಗೆ ಮರಳು ಹೊಡೆಸುವ ಅಥವಾ ಪೌಡರ್ ಕೋಟಿಂಗ್ ಮಾಡಿಸುವ ಮುಂಚೆ ಆ ನಂಬರಿನ ಮೇಲೆ ದಪ್ಪ ಟೇಪು ಹಚ್ಚಿ. ಪೇಂಟಿನ ಕೆಳಗೆ ನಂಬರು ಮುಚ್ಚಿಹೋದರೆ ಒಳ್ಳೇ ಗಾಡಿಯೂ ಅನುಮಾನದ ಗಾಡಿ ಆಗುತ್ತದೆ.

ಬಿಚ್ಚುವುದು

ಆತುರ ಬೇಡ. ದಿನಕ್ಕೊಂದು ಭಾಗ. ಬಿಚ್ಚಿದ ಪ್ರತಿ ನಟ್ಟು ಬೋಲ್ಟನ್ನು ಆಯಾ ಭಾಗದ ಹೆಸರು ಬರೆದ ಕವರಿನಲ್ಲಿ ಹಾಕಿ. ಎಂಜಿನ್ ಕವರಿನ ಸ್ಕ್ರೂಗಳು ಅಷ್ಟು ಸುಲಭವಾಗಿ ಬರುವುದಿಲ್ಲ. ಸಾದಾ ಸ್ಕ್ರೂಡ್ರೈವರಿನಲ್ಲಿ ತಿರುವಿದರೆ ತಲೆ ಸವೆದುಹೋಗುತ್ತದೆ. ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಸಿಗುತ್ತದೆ, ಅದನ್ನು ಕೊಂಡುಕೊಳ್ಳಿ. ಬಲಗಡೆ ಕವರಿನೊಳಗೆ ಕರೆಂಟು ಹುಟ್ಟಿಸುವ ಡೈನಮೊ, ತೆರೆದಾಗ ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ಚಿನಂಥ ಪಾಯಿಂಟು ಇರುತ್ತವೆ. ಡೈನಮೊದ ಆರ್ಮೇಚರ್, ಅಂದರೆ ತಿರುಗುವ ಭಾಗ, ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡದ) ತುದಿಯಲ್ಲೇ ಕೂತಿರುತ್ತದೆ. ಅದನ್ನು ಎಳೆದು ಬಿಡಿಸುವ ಪುಲ್ಲರ್ ಹಾಕಿಯೇ ತೆಗೆಯಬೇಕು. ಸುತ್ತಿಗೆ ಮುಟ್ಟಿಸಿದರೆ ಕ್ರ್ಯಾಂಕೇ ಓರೆಯಾಗುತ್ತದೆ.

ಬ್ರೇಕ್ ಡ್ರಮ್ ತೆರೆದಾಗ ಒಳಗಿನ ಧೂಳನ್ನು ಊದಬೇಡಿ. ಆ ಕಾಲದ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಎಂಜಿನ್: ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ

ಇದು 248.5 ಸಿಸಿಯ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್. ಬೋರು 65 ಮಿಲಿಮೀಟರ್, ಸ್ಟ್ರೋಕ್ 75. ನೋಡುವುದಕ್ಕೆ ಸರಳ ಎಂಜಿನ್. ಆದರೆ ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಪಂಪಿನ ಕೆಲಸವನ್ನೂ ಮಾಡುತ್ತದೆ. ಪೆಟ್ರೋಲು, ಗಾಳಿ ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ಗಾಳಿ ಬಿಡಬಾರದು. ಇಷ್ಟು ಅರ್ಥವಾದರೆ ಅರ್ಧ ಕಾಯಿಲೆ ನೀವೇ ಕಂಡುಹಿಡಿಯಬಹುದು. ಎಡಗಡೆ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಂಡು ಮೋಡದ ಹಾಗೆ ಹೊಗೆ ಬರುತ್ತದೆ, ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಬಲಗಡೆ ಸೀಲು ಹೋದರೆ ಹೊರಗಿನ ಗಾಳಿ ಸೇರಿ ಎಂಜಿನ್ ತನ್ನಷ್ಟಕ್ಕೇ ರೇಸ್ ಆಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಹಳೇ ಸೀಲು ಕಣ್ಣಿಗೆ ಚೆನ್ನಾಗಿ ಕಂಡರೂ ತೆಗೆದುಹಾಕಿ. ನಿಂತು ನಿಂತೇ ರಬ್ಬರು ಗಟ್ಟಿಯಾಗಿರುತ್ತದೆ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಸ್ವಲ್ಪ ಸರಿದರೆ ಪರವಾಗಿಲ್ಲ. ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್, ಅಂದರೆ ರಾಡಿನ ಕೆಳತುದಿಯ, ಬೇರಿಂಗು ಹೋಗಿದೆ. ಆಗ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಕಿಟ್ ಹಾಕಿ, ಮತ್ತೆ ಒತ್ತಿ ಕೂರಿಸಬೇಕು. ಕೂರಿಸಿದ ಮೇಲೆ ಲೇತಿನಲ್ಲಿ ಡಯಲ್ ಗೇಜ್ ಇಟ್ಟು ಓರೆ ತೆಗೆಯಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಡಯಲ್ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಮಾಡುವವರ ಹತ್ತಿರ ಹೋಗಬೇಡಿ.

ಬೋರ್ ಮಾಡಿಸುವಾಗ, ಅಂದರೆ ಸವೆದ ಸಿಲಿಂಡರನ್ನು ಒಳಗೆ ಕೊರೆಸುವಾಗ, ನನಗೆ ಆದದ್ದನ್ನು ಹೇಳುತ್ತೇನೆ. ಪಿಸ್ಟನ್ 0.25, 0.50 ಹೀಗೆ ಕಾಲು ಕಾಲು ಮಿಲಿಮೀಟರ್ ದೊಡ್ಡ ಅಳತೆಯಲ್ಲಿ ಸಿಗುತ್ತದೆ. ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತಿನವರ ಕೈಗೆ ಕೊಟ್ಟು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು. ಇದನ್ನು ಸರಿಯಾಗೇ ಮಾಡಿದೆ. ಆದರೆ ಬೋರ್ ಆದ ಮೇಲೆ ಸಿಲಿಂಡರಿನ ಒಳಗಿನ ಪೋರ್ಟುಗಳ (ಮಿಶ್ರಣ, ಹೊಗೆ ಹಾಯುವ ಕಿಂಡಿಗಳ) ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ಅದನ್ನು ಉಜ್ಜಿ ಮೊಂಡು ಮಾಡಬೇಕು. ನಮ್ಮ ಲೇತಿನವರು ಮಾಡಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅರವತ್ತು ಕಿಲೋಮೀಟರಿಗೆ ರಿಂಗು ಆ ಅಂಚಿಗೆ ಸಿಕ್ಕಿ ಮುರಿಯಿತು. ಹೊಸ ಪಿಸ್ಟನ್ ಹಾಳು, ಮತ್ತೊಂದು ಬೋರು. ಸಿಲಿಂಡರ್ ವಾಪಸ್ ಬಂದ ತಕ್ಷಣ ಬೆರಳು ಒಳಗೆ ಹಾಕಿ ಪ್ರತಿ ಪೋರ್ಟಿನ ಅಂಚು ಮುಟ್ಟಿ ನೋಡಿ. ಚುಚ್ಚಿದ ಹಾಗೆ ಅನಿಸಿದರೆ ಕೆಲಸ ಮುಗಿದಿಲ್ಲ.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಪೈಪಿನ ಕಡೆಗಿರಲಿ. ರಿಂಗಿನ ಬಾಯಿ ಪಿಸ್ಟನ್ನಿನಲ್ಲಿರುವ ಸಣ್ಣ ಗೂಟಕ್ಕೆ ಸರಿಯಾಗಿ ಕೂರಲಿ. ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕಬೇಡಿ. ಹಿಂದಿನ ರಾತ್ರಿ ಆಯಿಲಿನಲ್ಲಿ ನೆನೆಹಾಕಿ, ಅಕ್ಕಿ ನೆನೆಹಾಕಿದ ಹಾಗೆ.

ಎರಡೂ ಸೈಲೆನ್ಸರಿನೊಳಗೆ ಇಷ್ಟು ವರ್ಷದ ಮಸಿ ಗಟ್ಟಿಯಾಗಿರುತ್ತದೆ. ಉಸಿರು ಕಟ್ಟಿದ ಹಾಗೆ ಗಾಡಿ ಎಳೆಯುವುದೇ ಇಲ್ಲ. ಒಳಗಿನ ಕೊಳವೆಯನ್ನು ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದರೆ ಮಸಿ ಬಿಡುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಪಾರ್ಟನ್ನು ಆ ನೀರಿಗೆ ತೋರಿಸಲೂ ಬೇಡಿ, ಅದನ್ನು ಕರಗಿಸಿಬಿಡುತ್ತದೆ.

ಟ್ಯಾಂಕು ಮತ್ತು ಪೆಟ್ರೋಲು

ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ತುಕ್ಕು ಇದ್ದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಟ್ಯಾಂಕಿನ ಕೆಳಗಿನ ಕಾಕ್ (ಪೆಟ್ರೋಲ್ ನಲ್ಲಿ) ಬಿಚ್ಚಿ ತೂತು ಮುಚ್ಚಿ, ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಬೆರೆಸಿ ತುಂಬಿಸಿ ಒಂದು ದಿನ ಇಡಿ. ಜೊತೆಗೆ ಒಂದು ತುಂಡು ಹಳೇ ಚೈನು ಹಾಕಿ ಆಗಾಗ ಅಲ್ಲಾಡಿಸಿ. ಖಾಲಿ ಮಾಡಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲಿನಿಂದ ಒಳಗೆಲ್ಲ ಒದ್ದೆ ಮಾಡಿ. ಒಣಗಿದ ಕಬ್ಬಿಣ ಒಂದೇ ದಿನದಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಹುಳಿ ನೀರು ಹೊರಗಿನ ಪೇಂಟಿಗೆ, ಕ್ರೋಮಿಗೆ ಬೀಳದಂತೆ ನೋಡಿಕೊಳ್ಳಿ. ಟ್ಯಾಂಕು ತೂತಾಗಿದ್ದರೆ ಖಾಲಿ ಅಂದುಕೊಂಡು ವೆಲ್ಡಿಂಗಿಗೆ ಕೊಡಬೇಡಿ. ಒಳಗೆ ಉಳಿದ ಪೆಟ್ರೋಲ್ ಆವಿ ಸಿಡಿದು ಪ್ರಾಣ ಹೋಗಬಹುದು. ಆ ಕೆಲಸ ಬಲ್ಲವರೇ ಮಾಡಬೇಕು.

ಈಗ ಬಂಕಿನಲ್ಲಿ ಬರುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು. 1975ರ ರಬ್ಬರಿಗೆ ಅದರ ಪರಿಚಯವೇ ಇಲ್ಲ. ಪೈಪು, ವಾಷರು, ಕಾಕಿನ ರಬ್ಬರು ಎಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಕಾರ್ಬುರೇಟರಿನ ಜೆಟ್‌ಗೆ ಸೂಜಿ, ತಂತಿ ಚುಚ್ಚಬೇಡಿ. ಪೆಟ್ರೋಲ್ ಹಾಯುವ ಆ ಸಣ್ಣ ತೂತು ಒಂದು ಎಳೆ ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಗಾಳಿ ಹೊಡೆದರೆ ಸಾಕು.

ಕಿಡಿ

ಇದು 6 ವೋಲ್ಟಿನ ಗಾಡಿ. ಡೈನಮೊ 45 ವ್ಯಾಟ್. ಬಹಳ ಜನ ಇದನ್ನು ಕಿತ್ತು 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಸುತ್ತಾರೆ. ರಾತ್ರಿ ಹೆದ್ದಾರಿಯಲ್ಲಿ ಹೋಗುವವರಾದರೆ ಅದೇ ಸರಿ, ಹಳೇ ಲೈಟು ನಿಜವಾಗಿಯೂ ಮಂಕು. ಆದರೆ ಕಿತ್ತದ್ದನ್ನು ಎಸೆಯಬೇಡಿ, ಡಬ್ಬದಲ್ಲಿ ಹಾಕಿಡಿ. ನಾನು ಹಗಲು ಮಾತ್ರ ಓಡಿಸುವವನು, 6 ವೋಲ್ಟನ್ನೇ ಉಳಿಸಿದೆ. ಇಲಿ ಕಡಿದ ವೈರನ್ನು ಟೇಪು ಸುತ್ತಿ ಸರಿ ಮಾಡಲು ಹೋಗಬೇಡಿ, ಪೂರ್ತಿ ಹೊಸದು ಎಳೆಯಿರಿ. ಅರ್ಥ್ ವೈರು ಗಾಡಿಯ ಫ್ರೇಮಿಗೆ ಸೇರುವ ಜಾಗದಲ್ಲಿ ಪೇಂಟು ಕೆರೆದು ಬರೀ ಕಬ್ಬಿಣ ಕಾಣುವಂತೆ ಮಾಡಿ. ಬ್ಯಾಟರಿ ಹೊಸದೇ ಇರಲಿ, ಅದು ದುರ್ಬಲವಾದರೆ ಕಿಡಿಯೂ ದುರ್ಬಲ.

ಪಾಯಿಂಟಿನ ಗ್ಯಾಪು 0.4 ಮಿಲಿಮೀಟರ್, ಪ್ಲಗ್ಗಿನದು 0.6. ಟೈಮಿಂಗ್ ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ ಎಷ್ಟು ಮಿಲಿಮೀಟರ್ ಮುಂಚೆ ಪಾಯಿಂಟು ತೆರೆಯಬೇಕು ಅನ್ನುವ ಲೆಕ್ಕ. ನಿಮ್ಮ ಮಾಡೆಲಿನ ಮ್ಯಾನುಯಲ್ ನೋಡಿಯೇ ಇಡಿ. ಪಾಯಿಂಟು ತೆರೆಯುವ ಕ್ಷಣ ಹಿಡಿಯಲು ಹಳೇ ಮೆಕ್ಯಾನಿಕ್‌ಗಳ ಒಂದು ಉಪಾಯ ಇದೆ. ಪಾಯಿಂಟಿನ ಮಧ್ಯೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ, ಇನ್ನೊಂದು ಕೈಯಿಂದ ಕ್ರ್ಯಾಂಕ್ ತಿರುಗಿಸಿ. ಕಾಗದ ಜಾರಿ ಬಂದ ಕ್ಷಣವೇ ಅದು.

ಚಕ್ರ, ಬ್ರೇಕು

ಇದರಲ್ಲಿ ಯೋಚಿಸುವುದೇ ಬೇಡ. ಬ್ರೇಕ್ ಶೂಗೆ ಹೊಸ ಲೈನರ್, ಎಲ್ಲ ಕೇಬಲ್ಲೂ ಹೊಸದು, ಚಕ್ರದ ಬೇರಿಂಗು ಹೊಸದು. ಟೈರು 3.25-16. ಹಳೇ ಟೈರಿನ ಮೇಲಿನ ಉಬ್ಬು ಗುಂಡಿಗಳು ಹೊಸದರ ಹಾಗೆ ಕಂಡರೂ ಬೇಡ. ಹೊಸ ಟೈರು ಕೊಳ್ಳುವಾಗಲೂ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ಅಂಕಿ ವರ್ಷ. ಅಂಗಡಿಯಲ್ಲೇ ಐದಾರು ವರ್ಷ ಕೂತ ಟೈರನ್ನು ವಾಪಸ್ ಕೊಡಿ.

ಬಣ್ಣ

ಪೂರ್ತಿ ತೊಳೆದ ಮೇಲೇ ಬಣ್ಣದ ಬಗ್ಗೆ ಯೋಚಿಸಿ. ನಮ್ಮ ಗಾಡಿ ಕಪ್ಪಗಾಗಿದೆ ಅಂದುಕೊಂಡಿದ್ದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ತೊಳೆದಾಗ ಕೆಳಗೆ ಮರೂನ್ ಬಣ್ಣ ಜೀವಂತ ಇತ್ತು. ಎಲ್ಲೋ ಒಂದು ಕಡೆ ತೇಪೆ ಹಾಕಲೇಬೇಕಾದರೆ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ, ಟ್ಯಾಂಕಿನ ತಳದಲ್ಲಿ ನೋಡಿ. ಬಿಸಿಲು ಕಾಣದ ಜಾಗದಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ಅದನ್ನು ತೋರಿಸಿ ಬಣ್ಣ ಕೂಡಿಸಿಕೊಳ್ಳಿ. ಕ್ರೋಮಿನ ಮೇಲಿನ ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಹೋಗುತ್ತದೆ, ಗೀರೂ ಬೀಳುವುದಿಲ್ಲ. ಕೊನೆಗೆ ವ್ಯಾಕ್ಸ್. ಸ್ಲೇಟಿನ ಗೀರಿನ ಮೇಲೂ ವ್ಯಾಕ್ಸ್ ಹಚ್ಚಿದೆ, ತುಕ್ಕು ಹಿಡಿಯಬಾರದು ಅಲ್ವಾ.

ಮೊದಲ ಸ್ಟಾರ್ಟು, ಮೊದಲ 500 ಕಿಲೋಮೀಟರ್

ಗೇರ್ ಬಾಕ್ಸಿಗೆ ಒಂದು ಲೀಟರ್ ಆಯಿಲ್. ಪೆಟ್ರೋಲಿಗೆ ಟೂ ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಲೀಟರಿಗೆ 40 ಮಿಲಿ, ಹೊಸ ಬೋರಿಗೆ 50 ಮಿಲಿ. ಅಪ್ಪನ ಲೋಟದ ಗೆರೆ ಇದೇ. ಔಷಧಿ ಅಳೆಯುವ ಸಿರಿಂಜಿನಿಂದ ನೀರು ಹಾಕಿ ನೋಡಿದೆ. ಗೆರೆಯವರೆಗೆ 40 ಮಿಲಿ, ಒಂದು ಹನಿ ಆಚೀಚೆ ಇರಲಿಲ್ಲ. ಆಯಿಲನ್ನು ಬೇರೆ ಕ್ಯಾನಿನಲ್ಲಿ ಪೆಟ್ರೋಲಿಗೆ ಬೆರೆಸಿ, ಅಲ್ಲಾಡಿಸಿ, ಆಮೇಲೆ ಟ್ಯಾಂಕಿಗೆ ಹಾಕಿ.

ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದೆ, ಗೊತ್ತಲ್ಲ. ಪ್ಲಗ್ಗು ಹೊರಗಿಟ್ಟು ಹತ್ತು ಸಲ ಮೆಲ್ಲಗೆ ತುಳಿದು ಕಿಡಿ ನೋಡಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಮಿಶ್ರಣ ಹೊರಬರುತ್ತದೆ, ಹಾಗಾಗಿ ಕಿಡಿ ನೋಡುವಾಗ ಪ್ಲಗ್ಗನ್ನು ಆ ತೂತಿನಿಂದ ದೂರ ಹಿಡಿಯಿರಿ, ಪೆಟ್ರೋಲ್ ಕಾಕ್ ಬಂದ್ ಇರಲಿ. ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಹತ್ತು ನಿಮಿಷ ಹೊಗೆ ಜಾಸ್ತಿ ಬರುತ್ತದೆ, ಗಾಬರಿ ಬೇಡ. ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳದ) ನಟ್ಟುಗಳನ್ನು ಇನ್ನೊಮ್ಮೆ ಅಡ್ಡಡ್ಡವಾಗಿ ಬಿಗಿ ಮಾಡಿ.

500 ಕಿಲೋಮೀಟರ್‌ವರೆಗೆ ಅರ್ಧ ಥ್ರಾಟಲ್ ದಾಟಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ, ಒಂದೇ ವೇಗದಲ್ಲಿ ಬಹಳ ದೂರ ಹೋಗಬೇಡಿ. ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ತಣಿಸಿ. ಓಡುತ್ತಾ ಇದ್ದಕ್ಕಿದ್ದಂತೆ ಎಳೆತ ಕಡಿಮೆಯಾಗಿ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಅನಿಸಿದರೆ ತಕ್ಷಣ ಕ್ಲಚ್ ಹಿಡಿದು ಥ್ರಾಟಲ್ ಬಿಡಿ. ಪಿಸ್ಟನ್ ಹಿಡಿದುಕೊಳ್ಳುವ ಮುನ್ಸೂಚನೆ ಅದು. ನೂರು ಕಿಲೋಮೀಟರಿಗೊಮ್ಮೆ ಪ್ಲಗ್ಗು ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಎಲ್ಲ ಸರಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿಯಾಗಿದೆ, ಓಡಿಸುವುದನ್ನು ನಿಲ್ಲಿಸಿ ಕಾರಣ ಹುಡುಕಿ. ಒದ್ದೆ ಕಪ್ಪಾದರೆ ಆಯಿಲೋ ಪೆಟ್ರೋಲೋ ಜಾಸ್ತಿ. ಒಂದು ಹೊಸ ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಯಾವಾಗಲೂ ಇಟ್ಟಿರಿ.

ಕೊನೆಯದು ನಿಲ್ಲಿಸುವ ಅಭ್ಯಾಸ. ಕಾರ್ಬುರೇಟರಿನ ಬೌಲಿನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಪೆಟ್ರೋಲ್ ಬಿಟ್ಟು ನಿಲ್ಲಿಸಿದರೆ ಪೆಟ್ರೋಲು ಆರಿಹೋಗಿ ಆಯಿಲ್ ಮಾತ್ರ ಅಂಟಾಗಿ ಉಳಿಯುತ್ತದೆ, ಮಾರನೇ ವಾರ ಸ್ಟಾರ್ಟಿಗೆ ಸತಾಯಿಸುತ್ತದೆ. ಮನೆ ಹತ್ತಿರ ಬರುತ್ತಿದ್ದಂತೆ ಗಾಡಿ ನಿಧಾನ ಮಾಡಿ ಕಾಕ್ ಬಂದ್ ಮಾಡಿ. ಬೌಲಿನಲ್ಲಿ ಇರುವಷ್ಟರಲ್ಲೇ ಮನೆ ಸೇರಿ. ಅಪ್ಪ ಅರಳೀಕಟ್ಟೆ ಹತ್ತಿರ ಬಗ್ಗಿ ಏನೋ ತಿರುವುತ್ತಿದ್ದುದು ನೆನಪಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ನಾನೂ ಅಲ್ಲೇ ಬಂದ್ ಮಾಡುತ್ತೇನೆ. ಅರಳೀಕಟ್ಟೆಯಿಂದ ನಮ್ಮ ಬಾಗಿಲವರೆಗೆ ಬೌಲಿನ ಪೆಟ್ರೋಲು ಸರಿಯಾಗಿ ಸಾಕಾಗುತ್ತದೆ.